ಹನ್ನೊಂದನೇ ಪಾತಿಯ ಮದುವೆ ಕೇಕು

೩ ಅಕ್ಟೋಬರ್ ೧೯೪೯, ಸೋಮವಾರ

ಹೊಸ ಚಿತ್ರ ಇಂದು ಶುರುವಾಯಿತು. ಹೆಸರು ‘ಹನ್ನೊಂದನೇ ಪಾತಿ’. ನಗರಸಭೆಯವರು ಎಡವಟ್ಟು ಮಾಡಿ ತರಕಾರಿ ಬೆಳೆಯಲು ಜನರಿಗೆ ಹಂಚುವ ಪಾತಿಗಳಲ್ಲಿ ಒಂದನ್ನೇ ಇಬ್ಬರಿಗೆ ಕೊಡುತ್ತಾರೆ. ಒಬ್ಬಳು ಅಂಚೆ ಕಚೇರಿಯ ಹುಡುಗಿ, ಇನ್ನೊಬ್ಬ ವಾಯುಪಡೆಯಿಂದ ಮರಳಿದ ಹುಡುಗ. ಇಬ್ಬರೂ ಎಲೆಕೋಸಿಗಾಗಿ ಕಿತ್ತಾಡುತ್ತಾರೆ, ಕೊನೆಗೆ ಮದುವೆಯಾಗುತ್ತಾರೆ. ಇಷ್ಟೇ. ಇದನ್ನು ಹೇಳಲು ನಮಗೆ ಆರು ವಾರ ಬೇಕಂತೆ.

ಇರಲಿ. ಇದು ನನ್ನ ಕೊನೆಯ ಎಲೆಕೋಸು. ದೊಡ್ಡ ಸ್ಟುಡಿಯೋದ ಮಿಸ್ಟರ್ ಲಾಕ್ಸ್‌ಲಿ ಕಳೆದ ವಾರ ಚಹಾಕ್ಕೆ ಕರೆದು ಆಡಿದ ಮಾತನ್ನು ಇಲ್ಲಿ ಬರೆದಿಡಬೇಕು. “ಮಿಸ್ ಪ್ಯಾಸ್ಕೋ, ನಮ್ಮ ರಾಣಿ ಚಿತ್ರ ಫೆಬ್ರವರಿಯಲ್ಲಿ ಶುರು. ಪೂರ್ತಿ ಬಣ್ಣದ್ದು. ಕೋಟೆ, ಕುದುರೆ, ಲೆಕ್ಕವಿಲ್ಲದಷ್ಟು ಸೈನಿಕರು. ಅವರ ಕೋಟಿನ ಒಂದೊಂದು ಗುಂಡಿ ನೋಡ್ಕೊಳ್ಳೋಕೂ ನಿಮ್ಮಂಥ ಕಣ್ಣು ಬೇಕು. ಈಗಿನ ಚಿತ್ರ ಒಂದೇ ಒಂದು ತಪ್ಪಿಲ್ಲದೆ ಮುಗಿಸಿ ಬನ್ನಿ, ಕೆಲಸ ನಿಮ್ಮದು.”

ತಪ್ಪಂತೆ! ನಾನು ಕಂಟಿನ್ಯುಟಿ ನೋಡಿದ ಯಾವ ಚಿತ್ರದಲ್ಲೂ ನಾಯಕನ ಸಿಗರೇಟು ಮಾತಿನ ನಡುವೆ ಉದ್ದವಾಗಿಲ್ಲ, ನಾಯಕಿಯ ಬೈತಲೆ ಬಾಗಿಲು ದಾಟುವಷ್ಟರಲ್ಲಿ ಪಕ್ಕ ಬದಲಿಸಿಲ್ಲ. ಬೆಳಿಗ್ಗೆ ತೆಗೆದ ದೃಶ್ಯಕ್ಕೆ ಮುಂದಿನ ವಾರ ತೆಗೆಯುವ ದೃಶ್ಯವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಜೋಡಿಸುವವಳು ನಾನು. ಈ ಊರಿನಲ್ಲಿ ಅದು ಎಲ್ಲರಿಗೂ ಗೊತ್ತು.

ಸೆಟ್ಟಿನ ಸಾಮಾನು ನೋಡಿಕೊಳ್ಳುವವನು ಹೊಸಬ. ಪೆವರಿಲ್ ಎಂದು ಹೆಸರು. ಮೊದಲ ದಿನವೇ ನನ್ನ ತಾಳ್ಮೆ ಪರೀಕ್ಷಿಸಿದ. “ಟೀಪಾಟಿನ ಮೂತಿ ಬಲಗಡೆ ಇತ್ತು, ಈಗ ಎಡಗಡೆ ಇದೆ” ಎಂದೆ. “ಒಂದೇ ಕಡೆ ನೋಡಿ ನೋಡಿ ಅದಕ್ಕೂ ಕತ್ತು ನೋವು ಬಂದಿರ್ಬೇಕು ಬಿಡಿ ಮಿಸ್ ಪ್ಯಾಸ್ಕೋ” ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವನ ಎಡ ಮೊಣಕೈ ಮೇಲೆ ಕಂದು ಬಣ್ಣದ ತೇಪೆ ಇದೆ, ಬಲಗಿವಿಯ ಹಿಂದೆ ಮೊಂಡು ಪೆನ್ಸಿಲ್ ಇದೆ. ಇಂಥವು ನನ್ನ ಕಣ್ಣಿಗೆ ತಾವಾಗಿಯೇ ಬೀಳುತ್ತವೆ. ಕಸುಬಿನ ದೋಷ.

೬ ಅಕ್ಟೋಬರ್, ಗುರುವಾರ

ನಾಯಕಿ ಬೆಳಗಿನ ತಿಂಡಿ ತಿನ್ನುವ ದೃಶ್ಯ. ನಿಜವಾದ ಮೊಟ್ಟೆ, ನಿಜವಾದ ಬೇಕನ್. ಯುದ್ಧ ಮುಗಿದು ನಾಲ್ಕು ವರ್ಷವಾದರೂ ರೇಷನ್ ತಪ್ಪಿಲ್ಲ. ಸ್ಟುಡಿಯೋದವರಿಗೆ ಆಹಾರ ಇಲಾಖೆ ಕೊಡುವುದೇ ಚೂರುಪಾರು, ಅದರಲ್ಲಿ ಒಂದು ಟೇಕ್ ಹಾಳಾದರೂ ಎದೆ ಚುರುಕ್ಕೆನ್ನುತ್ತದೆ. ನಾಯಕಿ ಪಾಲಿನ್ ಒಳ್ಳೆಯ ಹುಡುಗಿ, ಆದರೆ ಹಸಿದಿದ್ದಳು. ತಾಲೀಮಿನಲ್ಲೇ ಅರ್ಧ ಮೊಟ್ಟೆ ನುಂಗಿಬಿಟ್ಟಳು.

ನಮ್ಮ ಸ್ಟುಡಿಯೋದಲ್ಲಿ ಯುದ್ಧದ ಕಾಲದಿಂದ ನಡೆದುಬಂದ ಒಂದು ಕಟ್ಟುಪಾಡಿದೆ. ಸೆಟ್ಟಿನ ಮೇಲಿನ ತಿನಿಸನ್ನು ಯಾರೂ ಮುಟ್ಟುವ ಹಾಗಿಲ್ಲ, ನಾನು “ತೆಗೀಬಹುದು” ಎನ್ನುವವರೆಗೆ. ಅಂದ ಮೇಲೆ ಅದು ಯಾರ ಕೈಗೆ ಸಿಕ್ಕಿತೋ ಅವರದ್ದು. ನಾನು ಆ ಮಾತು ಹೇಳುವಾಗ ದೀಪದ ಹುಡುಗರು, ಬಡಗಿಗಳು, ಬಣ್ಣದವರು ಎಲ್ಲರೂ ಉಸಿರು ಬಿಗಿಹಿಡಿದು ನನ್ನ ಬಾಯಿಯನ್ನೇ ನೋಡುತ್ತಿರುತ್ತಾರೆ. ನಿರ್ದೇಶಕ ಮಿಸ್ಟರ್ ಹ್ಯಾಥರ್ಲಿ ಹೇಳಿದರೂ ನಂಬುವುದಿಲ್ಲ, ನಾನು ಹೇಳಬೇಕು. ಈ ಮರ್ಯಾದೆ ಪುಕ್ಕಟೆ ಬಂದದ್ದಲ್ಲ.

ಇಂದು ಉಳಿದ ಬೇಕನ್ ಚೂರು ಪೆವರಿಲ್ ಪಾಲಿಗೆ ಬಂತು. ಅದನ್ನು ಚಹಾ ಮಾರುವ ಮುದುಕಿಗೆ ಕೊಟ್ಟ. ಮೆರೆಯುವ ಚಾಳಿ.

೮ ಅಕ್ಟೋಬರ್, ಶನಿವಾರ

ಮನೆಯೊಡತಿ ಮಿಸೆಸ್ ಡಿಮ್ಮಕ್ ನನ್ನ ಕೋಣೆಯ ಬಾಗಿಲು ಬಡಿದು, “ಬಾರಮ್ಮ ಈನಿಡ್, ಒಳಗೆ ಕೂತು ಮೊಟ್ಟೆ ಇಡ್ತಿದೀಯಾ? ಸಿನಿಮಾಕ್ಕೆ ಹೋಗೋಣ” ಎಂದರು. ವಾರವೆಲ್ಲ ಸಿನಿಮಾ ಮಾಡಿದವಳಿಗೆ ಶನಿವಾರ ಸಂಜೆಯೂ ಸಿನಿಮಾ. ಹೋದೆ. ಮನೆಯಲ್ಲಿ ಕಲ್ಲಿದ್ದಲು ಮುಗಿದಿತ್ತು, ಥಿಯೇಟರ್ ಬೆಚ್ಚಗಿರುತ್ತದೆ.

ದೊಡ್ಡ ಚಿತ್ರಕ್ಕೆ ಜೊತೆಯಾಗಿ ಹಾಕುವ ಸಣ್ಣ ಚಿತ್ರ ನಡೆಯುತ್ತಿತ್ತು. ನಮ್ಮ ದೇಶದ್ದೇ, ಹೆಸರು ಕೇಳದ್ದು. ಬಸ್ಸಿನ ಕಂಡಕ್ಟರ್ ಹುಡುಗಿಯೊಬ್ಬಳು ಪಿಯಾನೋ ರಿಪೇರಿಯವನ ಹತ್ತಿರ ಟಿಕೆಟ್ಟಿಗಾಗಿ ಜಗಳವಾಡುತ್ತಾಳೆ. ನಾನು ಕೂತ ಹೊತ್ತಿನಲ್ಲಿ ಮೂರು ತಪ್ಪು ಹಿಡಿದೆ. ಅವನ ಛತ್ರಿ ಒಂದು ಕಡೆ ಒದ್ದೆ, ತಿರುಗಿದರೆ ಒಣಗಿದೆ! ಮಿಸೆಸ್ ಡಿಮ್ಮಕ್ ಕಿವಿಯಲ್ಲಿ ಹೇಳಿದರೆ, “ಛತ್ರಿ ಯಾರಮ್ಮ ನೋಡ್ತಾರೆ, ಅವನ ಮುಖ ನೋಡು” ಎಂದು ತೊಡೆಗೆ ಹೊಡೆದರು.

ವಾಪಸು ಬರುವಾಗ ಕೇಳಿದೆ, ಇದರಲ್ಲಿ ಏನು ಸಿಗುತ್ತದೆ ನಿಮಗೆ ಎಂದು. ಅವರು ಹೀಗೆಂದರು: “ನೋಡಮ್ಮ, ಅಮೆರಿಕದ ಸಿನಿಮಾದಲ್ಲಿ ಅಡುಗೆಮನೆ ಅನ್ನೋದು ನಮ್ಮ ಚರ್ಚಿನಷ್ಟು ಇರುತ್ತೆ. ಅಲ್ಲಿ ಹೋಗಿ ನಾನೇನು ಮಾಡ್ಲಿ, ಕಳೆದುಹೋಗ್ತೀನಿ. ಈ ಹುಡುಗಿ ನೋಡು, ಕಾಲುಚೀಲಕ್ಕೆ ಹೊಲಿಗೆ ಹಾಕ್ಕೊಂಡು ಪ್ರೀತಿ ಮಾಡ್ತಾಳೆ. ಕ್ಯೂನಲ್ಲಿ ನಿಂತ್ಕೊಂಡು ಪ್ರೀತಿ ಮಾಡ್ತಾಳೆ. ಅದು ನನಗೆ ಗೊತ್ತಿರೋ ಪ್ರೀತಿ ಕಣೆ.”

ಮುದುಕಿಯ ಭಾವುಕತೆ. ಆದರೂ ಆ ಪಿಯಾನೋದವನು ಬಸ್ಸಿನ ಹಿಂದೆ ಓಡುವಾಗ ನನ್ನ ಗಂಟಲಿನಿಂದ ಒಂದು ಸದ್ದು ಹೊರಟದ್ದು ನಿಜ. ಕೆಮ್ಮು ಇರಬೇಕು.

೧೩ ಅಕ್ಟೋಬರ್, ಗುರುವಾರ

ಎಲೆಕೋಸುಗಳ ದಿನ. ದೀಪದ ಬಿಸಿಗೆ ಗಂಟೆಗೊಂದು ಬಾಡಿ ಜೋತುಬೀಳುತ್ತದೆ. ಮಿಸ್ಟರ್ ಪೆವರಿಲ್ ಒಂದೊಂದಕ್ಕೂ ಬದಲಿ ತಂದಿಟ್ಟರು, ನಾನು ಎಲೆ ಎಲೆ ಹೋಲಿಸಿ ನೋಡಿದೆ. ಇಬ್ಬರೂ ಸುಳ್ಳು ಮಣ್ಣಿನಲ್ಲಿ ಮಂಡಿಯೂರಿ ಕೂತಿದ್ದೆವು. ಈತ ಎಲೆಕೋಸಿನ ಜೊತೆ ಮಾತಾಡುತ್ತಾರೆ. “ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಮ್ಮ, ಮಿಸ್ ಪ್ಯಾಸ್ಕೋ ನೋಡ್ತಿದಾರೆ.”

ಯುದ್ಧದಲ್ಲಿ ಗಾಯಾಳುಗಳ ಗಾಡಿ ಓಡಿಸುತ್ತಿದ್ದರಂತೆ, ಆಫ್ರಿಕದ ಮರಳಿನಲ್ಲಿ. ನಾನಾಗಿ ಕೇಳಲಿಲ್ಲ, ಮಾತು ಬಂತು. “ಅಲ್ಲಿ ಎರಡು ಲಾರಿ ಮಧ್ಯೆ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸ್ತಿದ್ರು ಮಿಸ್ ಪ್ಯಾಸ್ಕೋ. ಯುದ್ಧದ ಸಿನಿಮಾ ಬಂದ್ರೆ ಹುಡುಗ್ರು ಎದ್ದು ಹೋಗ್ತಿದ್ರು. ಒಬ್ಬ ಪೆದ್ದ, ಒಬ್ಬಳು ಜೋರು ಬಾಯಿಯೋಳು, ಒಂದು ಮುರುಕು ಸೈಕಲ್, ಇಷ್ಟಿದ್ರೆ ಸಾಕು. ಇನ್ನೊಂದ್ಸಲ ಹಾಕಿ ಅಂತ ಗಲಾಟೆ. ನಾವೆಲ್ಲ ಮನೆಗೆ ವಾಪಸ್ ಹೋದ್ಮೇಲೆ ಮಾಡೋದು ಇಂಥ ಜಗಳಾನೇ ಅಂತ ನಂಬಿಕೆ ಬರ್ತಿತ್ತು, ಅದಕ್ಕೆ.”

ನಾನು ಮುಂದಿನ ಎಲೆಕೋಸನ್ನು ಎತ್ತಿಕೊಂಡೆ. ಪೆನ್ಸಿಲ್ ಇಂದು ಎಡಗಿವಿಯ ಹಿಂದಿತ್ತು.

೧೭ ಅಕ್ಟೋಬರ್, ಸೋಮವಾರ

ನಾಯಕ ಡೆರಿಕ್‌ಗೆ ನೆಗಡಿ. ಏನೂ ನಡೆಯಲಿಲ್ಲ.

೨೦ ಅಕ್ಟೋಬರ್, ಗುರುವಾರ

ಮಿಸ್ಟರ್ ಹ್ಯಾಥರ್ಲಿಗೆ ನಿಜವಾದ ಕೇಕು ಬೇಕಂತೆ! ಮದುವೆಯ ದೃಶ್ಯ ಮುಂದಿನ ವಾರ, ಚರ್ಚಿನ ಸಭಾಂಗಣದ ಸೆಟ್ಟಿನಲ್ಲಿ. ಎಲ್ಲರಂತೆ ಬೇಕರಿಯಿಂದ ರಟ್ಟಿನ ಕೇಕು ಬಾಡಿಗೆಗೆ ತಂದರಾಯಿತು ಎಂದುಕೊಂಡಿದ್ದೆವು. ಬಿಳಿ ರಟ್ಟಿನ ಮೂರು ಅಂತಸ್ತು, ಒಳಗೆ ಪೊಳ್ಳು, ಈ ದೇಶದ ಅರ್ಧ ಮದುವೆಗಳ ಫೋಟೋದಲ್ಲಿ ಇರುವುದು ಅದೇ.

“ಆಗಲ್ಲ” ಎಂದರು ಮಿಸ್ಟರ್ ಹ್ಯಾಥರ್ಲಿ. ಮೆತ್ತಗಿನ ಮನುಷ್ಯ, ಆದರೆ ಉಗುರು ಕಚ್ಚುತ್ತಾ ಹಟ ಹಿಡಿದರೆ ಅಲುಗುವುದಿಲ್ಲ. “ಹುಡುಗ ಹುಡುಗಿಗೆ ಒಂದು ತುಂಡು ತಿನ್ನಿಸ್ಬೇಕು. ಅದೇ ಚಿತ್ರದ ಕೊನೆ. ಕ್ಯಾಮರಾ ಇಷ್ಟು ಹತ್ತಿರ ಇರುತ್ತೆ. ರಟ್ಟು ತಿನ್ನಿಸೋಕಾಗುತ್ತಾ?”

ಇಲಾಖೆಯವರು ಸಕ್ಕರೆ ಕೊಡುವುದಿಲ್ಲವೆಂದು ಖಡಾಖಂಡಿತ ಹೇಳಿದ್ದಾರೆ. ಮಿಸ್ಟರ್ ಪೆವರಿಲ್ ಬಾಗಿಲ ಬಳಿ ಖಾಲಿ ಬಿಸ್ಕತ್ತಿನ ಡಬ್ಬಿ ಇಟ್ಟು, “ಒಬ್ಬೊಬ್ರು ಒಂದೊಂದು ಚಮಚ ಸಕ್ಕರೆ ಹಾಕ್ರಪ್ಪಾ. ಒಣದ್ರಾಕ್ಷಿ ಇದ್ದೋರು ದ್ರಾಕ್ಷಿ ಹಾಕಿ. ನನ್ನ ತಂಗಿ ಮಾಡಿಕೊಡ್ತಾಳೆ” ಎಂದು ಕೂಗಿದರು. ಬಡಗಿಗಳು ನಕ್ಕರು. ನಾನೂ ಮೂಗು ಮುರಿದೆ. ನನ್ನ ಪಾಲಿನ ಸಕ್ಕರೆ ನನ್ನ ಚಹಾಕ್ಕೇ ಸಾಲದು, ಎಲೆಕೋಸಿನ ಮದುವೆಗೆ ಯಾರು ಕೊಡುತ್ತಾರೆ?

೨೪ ಅಕ್ಟೋಬರ್, ಸೋಮವಾರ

ಡಬ್ಬಿ ತುಂಬಿದೆ. ನಂಬಲಾಗಲಿಲ್ಲ. ದೀಪದ ಹುಡುಗರು ತಮ್ಮ ತಾಯಂದಿರನ್ನು ಕಾಡಿ ತಂದಿದ್ದಾರೆ. ಚಹಾ ಮುದುಕಿ ಬೆಣ್ಣೆಯ ಬದಲಿಗೆ ಮಾರ್ಗರಿನ್ ಕೊಟ್ಟಿದ್ದಾಳೆ.

ವಿಷಯ ಕೇಳಿ ಮಿಸೆಸ್ ಡಿಮ್ಮಕ್ ಅಟ್ಟದಿಂದ ಒಂದು ಡಬ್ಬ ಇಳಿಸಿದರು. ಅದರಲ್ಲಿ ಒಣದ್ರಾಕ್ಷಿ. ಯಾವುದಕ್ಕಾಗಿ ಕೂಡಿಟ್ಟದ್ದೆಂದು ಕೇಳಿದರೆ, “ಶಾಂತಿ ಬಂದಾಗ ಕೇಕ್ ಮಾಡೋಣ ಅಂತ ಇಟ್ಟಿದ್ದೆ. ಶಾಂತಿ ಬಂತು, ಸಕ್ಕರೆ ಬರ್ಲಿಲ್ಲ. ತಗೊಂಡ್ಹೋಗು, ಸಿನಿಮಾದಲ್ಲಾದ್ರೂ ಆಗ್ಲಿ” ಎಂದರು. ಆಮೇಲೆ ನನ್ನ ಕಡೆ ನೋಡಿದರು. ಅವರು ಹಾಗೆ ನೋಡಿದರೆ ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾನೂ ಸಕ್ಕರೆ ಕೊಟ್ಟೆ. ಕೊಟ್ಟದ್ದಕ್ಕೆ ಕಾರಣ ಶುದ್ಧ ಕಸುಬಿನದು. ಸಕ್ಕರೆ ಕಡಿಮೆಯಾದರೆ ಕೇಕು ಪುಡಿಪುಡಿಯಾಗಿ ಟೇಕಿನಿಂದ ಟೇಕಿಗೆ ಹೊಂದುವುದಿಲ್ಲ. ಮಿಸ್ಟರ್ ಪೆವರಿಲ್‌ಗೂ ಇದನ್ನೇ ಹೇಳಿದೆ. “ಹೌದೌದು, ಹೊಂದಲ್ಲ” ಎಂದು ಬಹಳ ಗಂಭೀರವಾಗಿ ತಲೆ ಆಡಿಸಿದರು. ಅವರು ನಗು ತಡೆದಾಗ ಬಲಗೆನ್ನೆಯಲ್ಲಿ ಒಂದು ಗೆರೆ ಮೂಡುತ್ತದೆ, ಎಡಗೆನ್ನೆಯಲ್ಲಿ ಇಲ್ಲ.

ಇಂದಿನಿಂದ ಸಕ್ಕರೆಯಿಲ್ಲದ ಚಹಾ. ಅಷ್ಟೇನೂ ಕೆಟ್ಟದಾಗಿಲ್ಲ.

೨೭ ಅಕ್ಟೋಬರ್, ಗುರುವಾರ

ಕೇಕು ಬಂತು. ಬಸ್ಸಿನಲ್ಲಿ, ಮಿಸ್ಟರ್ ಪೆವರಿಲ್‌ರ ತೊಡೆಯ ಮೇಲೆ ಕೂತು. ಬಿಚ್ಚಿದಾಗ ಇಡೀ ಸ್ಟುಡಿಯೋ ಸುತ್ತ ನೆರೆಯಿತು. ಕಂದು ಬಣ್ಣ, ಮೇಲೆ ತೆಳ್ಳಗೆ ಬಿಳಿ ಸಕ್ಕರೆಯ ಲೇಪ, ಬೆಣ್ಣೆಯ ಪರಿಮಳ. ಬೆಣ್ಣೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ದೊಡ್ಡ ಬಡಗಿಯೊಬ್ಬ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

ರಾಣಿ ಚಿತ್ರದಲ್ಲಿ ಇಂಥ ಕೇಕು ಇರುತ್ತದೆಯೇ? ಇರಬಹುದು. ಆದರೆ ಅದಕ್ಕೆ ಯಾರೂ ಟೋಪಿ ತೆಗೆಯಲಾರರು.

೨೮ ಅಕ್ಟೋಬರ್, ಶುಕ್ರವಾರ

ಇಂದು ಬರೆಯಲಾರೆ.

೨೯ ಅಕ್ಟೋಬರ್, ಶನಿವಾರ

ಬರೆದೇ ತೀರಬೇಕು. ಆದದ್ದನ್ನು ಆದ ಹಾಗೆ ಬರೆಯುವುದು ನನ್ನ ಕೆಲಸ.

ನಿನ್ನೆ ಬೆಳಿಗ್ಗೆ ವಧೂವರರು ಕೇಕು ಕತ್ತರಿಸುವ ದೃಶ್ಯವನ್ನು ದೂರದಿಂದ ತೆಗೆದೆವು. ನೆಂಟರಿಷ್ಟರಾಗಿ ಬಂದಿದ್ದ ಕೂಲಿ ನಟರು ಸಭಾಂಗಣದ ತುಂಬ ಇದ್ದರು, ಎಲ್ಲರ ಮೂಗೂ ಕೇಕಿನ ಕಡೆಗೇ. ಚೆನ್ನಾಗಿ ಬಂತು. ತಿನ್ನಿಸುವ ದೃಶ್ಯವನ್ನು ಹತ್ತಿರದಿಂದ ತೆಗೆಯುವುದು ಊಟದ ನಂತರ ಎಂದಾಯಿತು. ಕೇಕಿನ ಮೇಲೆ ಬಟ್ಟೆ ಹೊದಿಸಿ, ಎದುರಿಗೆ ನಾನೇ ಕುರ್ಚಿ ಹಾಕಿಕೊಂಡು ಕೂತೆ.

ಊಟ ಮುಗಿಸಿ ಎಲ್ಲರೂ ಬಂದರು. ಮಿಸ್ಟರ್ ಪೆವರಿಲ್ ಕೂಡ ಬಂದು ಸಭಾಂಗಣದ ಆ ತುದಿಯಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಬೆಳಿಗ್ಗೆ ಅವರ ಟೈ ನೀಲಿಯಾಗಿತ್ತು. ಈಗ ಕೆಂಪಗಿತ್ತು, ಹೊಸತು, ಗಂಟೂ ಬೇರೆ ಥರ. ಯಾಕೆ ಬದಲಾಯಿತು? ಅವರು ಕ್ಯಾಮರಾ ಮುಂದೆ ಬರುವವರಲ್ಲ, ಟೈ ಯಾವುದಿದ್ದರೆ ನನಗೇನು? ಆದರೆ ನನ್ನ ಕಣ್ಣು ಅಲ್ಲೇ ಅಂಟಿಕೊಂಡಿತು. ನೀಲಿ, ಕೆಂಪು. ನೀಲಿ, ಕೆಂಪು. ಸಹಾಯಕ ನಿರ್ದೇಶಕ ಬಂದು, “ಮೇಜು ತೆಗೀಬಹುದಾ ಮಿಸ್ ಪ್ಯಾಸ್ಕೋ?” ಎಂದು ಕೇಳಿದ. ಅವನು ಕೇಳಿದ್ದು ಪಕ್ಕದ ಚಹಾದ ಮೇಜನ್ನೋ ಕೇಕಿನ ಮೇಜನ್ನೋ ಎಂದು ಕೂಡ ನೋಡಲಿಲ್ಲ.

“ತೆಗೀಬಹುದು” ಎಂದೆ.

ಅಯ್ಯೋ, ಆ ಒಂದು ಮಾತು! ಬಟ್ಟೆ ಹಾರಿತು. ದೀಪದವರು, ಬಡಗಿಗಳು, ನೆಂಟರಿಷ್ಟರು, ಪಾದ್ರಿಯ ವೇಷದವನು, ಎಲ್ಲರೂ ಒಟ್ಟಿಗೆ ಮುಗಿಬಿದ್ದರು. ವಧು ಪಾಲಿನ್ ಕೂಡ ಮುಸುಕು ಎತ್ತಿಕೊಂಡು ಓಡಿದಳು. ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ತಟ್ಟೆ ನೆಕ್ಕಿದ ಹಾಗಾಗಿತ್ತು. ಯಾರೊಬ್ಬರೂ, “ತಿನ್ನಿಸೋ ದೃಶ್ಯ ಬಾಕಿ ಇದೆಯಲ್ಲ” ಎಂದು ಕೇಳಲಿಲ್ಲ. ಮಿಸ್ಟರ್ ಪೆವರಿಲ್‌ರ ಕೈಯಲ್ಲೂ ಒಂದು ತುಂಡು ಇತ್ತು, ಬಾಯಲ್ಲೂ ಒಂದು.

“ನೀವೂ ತಿಂದ್ರಾ?” ಎಂದೆ.

“ನೀವು ತೆಗೀಬಹುದು ಅಂದ್ರಲ್ಲ” ಎಂದರು. “ನೀವು ಹೇಳಿದ್ಮೇಲೆ ಇನ್ನೇನಿದೆ?”

ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ! ಈ ನಂಬಿಕೆಯ ಬಗ್ಗೆಯೇ ನಾನು ಇಷ್ಟು ವರ್ಷ ಬೀಗಿದ್ದು. ನಿನ್ನೆ ಅದು ಇಡೀ ಮದುವೆಯ ಕೇಕನ್ನು ನುಂಗಿತು. ರಾಣಿ ಚಿತ್ರ ಹೋಯಿತು ಎನಿಸಿತು. ಅದಕ್ಕಿಂತ ಹೆಚ್ಚಾಗಿ, ಇಷ್ಟೂ ಜನ ಚಮಚ ಚಮಚ ಕೂಡಿಸಿ ಕೊಟ್ಟದ್ದು ಹೋಯಿತು.

ಮಿಸ್ಟರ್ ಹ್ಯಾಥರ್ಲಿ ಬಂದು ತಟ್ಟೆ ನೋಡಿದರು. ಬೈಯಲಿಲ್ಲ. ಸೆಟ್ಟಿನ ಮೆಟ್ಟಿಲ ಮೇಲೆ ಕೂತು, “ಸೋಮವಾರ ಈ ಸೆಟ್ ಕೀಳ್ತಾರೆ. ಬೇರೆ ಕಂಪನಿಯವ್ರಿಗೆ ಕೊಟ್ಟಾಗಿದೆ. ನನ್ನ ಚಿತ್ರಕ್ಕೆ ಕೊನೆಯೇ ಇಲ್ಲ” ಎಂದರು. ಎಲ್ಲರ ತುಟಿಯಲ್ಲೂ ಕೇಕಿನ ಪುಡಿ, ಎಲ್ಲರ ತಲೆಯೂ ಕೆಳಗೆ. ರಟ್ಟು ಹಾಕೋಣವೇ, ಬ್ರೆಡ್ಡಿಗೆ ಬಣ್ಣ ಬಳಿಯೋಣವೇ ಎಂದು ಯಾರೋ ಗೊಣಗಿದರು.

ಆಗ ನಾನು ಮಾತಾಡಿದೆ. ಧೈರ್ಯದಿಂದಲ್ಲ, ಸಿಟ್ಟಿನಿಂದ. “ಏನಾಯ್ತೀಗ? ನೆಂಟರು ಕೇಕು ತಿಂದ್ರು. ಈ ಊರಲ್ಲಿ ನಿಜವಾದ ಕೇಕು ಇಟ್ಟು ಯಾವ ಮದುವೆ ನಡೆದ್ರೂ ನೆಂಟರು ಇದನ್ನೇ ಮಾಡ್ತಾರೆ. ಹುಡುಗಿ ಭಾಷಣ ಕೇಳಿ ತಿರುಗ್ತಾಳೆ, ತಟ್ಟೆ ಖಾಲಿ. ಹುಡುಗ ಏನ್ ಮಾಡ್ತಾನೆ? ಬೆರಳಿಗೆ ಪುಡಿ ಅಂಟಿಸ್ಕೊಂಡು ಅವಳಿಗೆ ತಿನ್ನಿಸ್ತಾನೆ. ಇಷ್ಟೂ ದಿನ ಒಂದು ಎಲೆಕೋಸಿಗೆ ಹೊಡೆದಾಡಿದೋರಿಗೆ ಇದು ಗೊತ್ತಾಗಲ್ವಾ? ಮಿಕ್ಕಿದ್ದನ್ನ ಹಂಚ್ಕೊಳ್ಳೋದನ್ನೇ ಅಲ್ವಾ ನಾವು ಮೊದಲಿಂದ ಇದರಲ್ಲಿ ತೋರಿಸ್ತಿರೋದು?”

ಮಿಸ್ಟರ್ ಹ್ಯಾಥರ್ಲಿ ಉಗುರು ಕಚ್ಚುವುದನ್ನು ನಿಲ್ಲಿಸಿದರು.

ಒಂದೇ ಟೇಕ್. ಎರಡನೆಯದಕ್ಕೆ ಪುಡಿ ಇರಲಿಲ್ಲ. ಪಾಲಿನ್ ಖಾಲಿ ತಟ್ಟೆ ನೋಡಿದಳು, ಅವಳ ಮುಖ ಬಾಡಿತು. ಡೆರಿಕ್ ಬೆರಳು ಒದ್ದೆ ಮಾಡಿ ತಟ್ಟೆಯ ಸುತ್ತ ಒಂದು ಸುತ್ತು ಒರೆಸಿದ, ಅವಳ ಬಾಯಿಗಿಟ್ಟ. ಅವಳು ಕಣ್ಣು ಮುಚ್ಚಿದಳು. ಆಮೇಲೆ ಇಬ್ಬರಿಗೂ ನಗು ಬಂತು. ಅದು ನಟನೆಯಲ್ಲ, ನಾನು ಇಷ್ಟು ವರ್ಷ ನೋಡಿದ್ದೇನೆ, ನನಗೆ ಗೊತ್ತಾಗುತ್ತದೆ. ಹಿಂದೆ ನಿಂತ ನೆಂಟರು ನಿಜಕ್ಕೂ ನಾಚಿ ತುಟಿ ಒರೆಸಿಕೊಂಡರು. ಯಾರೂ ಹೇಳಿಕೊಟ್ಟದ್ದಲ್ಲ.

ಮುಗಿದ ಮೇಲೆ ಮಿಸ್ಟರ್ ಪೆವರಿಲ್ ಹತ್ತಿರ ಬಂದು, “ನನ್ನ ತಂಗಿ ಕೇಳ್ತಾಳೆ, ಕೇಕು ಹತ್ತಿರದಿಂದ ಹೇಗೆ ಕಾಣ್ತು ಅಂತ” ಎಂದರು. ನಾನು ಕ್ಷಮೆ ಕೇಳಿದೆ. “ಬಿಡಿ, ರುಚಿಯಾಗಿತ್ತು” ಎಂದರು. ಟೈ ಯಾಕೆ ಬದಲಾಯಿಸಿದಿರಿ ಎಂದು ಕೇಳದೆ ಇರಲಾಗಲಿಲ್ಲ. ಅವರು ಕುತ್ತಿಗೆಯವರೆಗೂ ಟೈಯಷ್ಟೇ ಕೆಂಪಾದರು. “ನಾಳೆ ಸಿನಿಮಾಕ್ಕೆ ಬರ್ತೀರಾ ಅಂತ ನಿಮ್ಮನ್ನ ಕೇಳೋಣ ಅಂತಿದ್ದೆ. ಹಳೇ ಟೈನಲ್ಲಿ ಕೇಳೋಕೆ ಧೈರ್ಯ ಬರ್ಲಿಲ್ಲ.”

ಕಾರಣ ಸಮಂಜಸವಾಗಿದೆ. ಇವತ್ತು ಹೋಗಿದ್ದೆವು. ಸೀಟು ಚೆನ್ನಾಗಿತ್ತು.

೨ ನವೆಂಬರ್, ಬುಧವಾರ

ಆ ದೃಶ್ಯವನ್ನು ತೆರೆಯ ಮೇಲೆ ನೋಡಿದೆವು. ಹಣ ಹಾಕಿದ ಸಾಹೇಬರು ಮೊದಲು ಕೆಮ್ಮಿದರು, ಆಮೇಲೆ ಕರ್ಚೀಫು ತೆಗೆದರು. ಇದನ್ನು ಕತ್ತರಿಸಿದರೆ ನಾನು ಸುಮ್ಮನಿರುವುದಿಲ್ಲ ಎಂದು ಮಿಸ್ಟರ್ ಹ್ಯಾಥರ್ಲಿಗೆ ಹೇಳಿದೆ. “ನಿಮಗೆ ಇಂಥ ಚಿತ್ರ ಇಷ್ಟ ಇಲ್ಲ ಅಂದ್ಕೊಂಡಿದ್ದೆ” ಎಂದರು. ಯಾರು ಹಾಗೆ ಹೇಳಿದ್ದು? ಜನ ಏನೇನೋ ಅಂದುಕೊಳ್ಳುತ್ತಾರೆ.

೪ ನವೆಂಬರ್, ಶುಕ್ರವಾರ

ಕೇಕಿನ ಕಥೆ ಎಲ್ಲ ಸ್ಟುಡಿಯೋಗಳಿಗೂ ಹಬ್ಬಿದೆ. ಇವತ್ತು ಮಿಸ್ಟರ್ ಲಾಕ್ಸ್‌ಲಿಯ ಫೋನು ಬಂತು. ಆಫೀಸಿನಲ್ಲಿ ನಿಂತು ಮಾತಾಡಿದೆ.

“ಮಿಸ್ ಪ್ಯಾಸ್ಕೋ, ಏನೋ ಕೇಳ್ಪಟ್ಟೆ. ನಂಬಲಿಲ್ಲ. ಸಾಮಾನು ನೋಡ್ಕೊಳ್ಳೋನು ಮಾಡಿದ ಎಡವಟ್ಟು ತಾನೆ ಅದು?”

“ಅಲ್ಲ.”

“ನೋಡಿ, ಕೇಕು ಅವನ ಜವಾಬ್ದಾರಿ. ಅವನದೇ ತಪ್ಪು ಅಂತ ಒಂದು ಮಾತು ಹೇಳಿಬಿಡಿ. ನಮ್ಮ ಸಾಹೇಬರಿಗೆ ಅಷ್ಟು ಸಾಕು. ಫೆಬ್ರವರಿಯಲ್ಲಿ ಬಂದು ಸೇರ್ಕೊಳ್ಳಿ.”

ಹೂಂ ಎಂದರೆ ಸಾಕಿತ್ತು. ಕೋಟೆ, ಕುದುರೆ, ಬಣ್ಣ ಎಲ್ಲ ಆ ಒಂದು ಹೂಂ ಆಚೆಗೆ ನಿಂತಿದ್ದವು. ನನಗೆ ಅದು ಬೇಕಿತ್ತು. ಬೇಡವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಹನ್ನೆರಡು ವರ್ಷ ಕಾದದ್ದೇ ಅದಕ್ಕೆ. ಆದರೆ ಆ ತಪ್ಪು ಮಾಡಿದವಳು ಈನಿಡ್ ಪ್ಯಾಸ್ಕೋ. ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿದ ಮೇಲೆ ರಾಣಿ ಚಿತ್ರದವರಿಗೆ ಬೇಕಾದ ಈನಿಡ್ ಪ್ಯಾಸ್ಕೋ ಎಲ್ಲಿರುತ್ತಾಳೆ?

“ಕೇಕು ತರೋದು ಅವರ ಕೆಲಸ, ತಂದ್ರು” ಎಂದೆ. “ತೆಗೀಬಹುದು ಅನ್ನೋದು ನನ್ನ ಕೆಲಸ. ಅಂದಿದ್ದು ನಾನು. ಅದರಿಂದ ಚಿತ್ರ ಚೆನ್ನಾಗಾಯ್ತು, ಅದೂ ನಂದೇ.”

“ಯೋಚನೆ ಮಾಡಿ. ರಾಣಿ ಚಿತ್ರ ಇದು.”

“ನಿಮ್ಮ ರಾಣಿಗೆ ನನ್ನ ನಮಸ್ಕಾರ ತಿಳಿಸಿ.”

ಫೋನ್ ಇಟ್ಟೆ. ಸೆಟ್ಟಿಗೆ ತಲೆ ನೆಟ್ಟಗಿಟ್ಟುಕೊಂಡೇ ನಡೆದೆ. ಆಲ್ಫ್‌ಗೆ, ಅಂದರೆ ಮಿಸ್ಟರ್ ಪೆವರಿಲ್‌ಗೆ, ಹೇಳಬಾರದೆಂದುಕೊಂಡೆ, ಹೇಳಿದೆ. ಅವರು ಒರೆಸಿದ ಟೀಪಾಟನ್ನೇ ಮತ್ತೆ ಒರೆಸಿದರು. “ನನಗೋಸ್ಕರ ಹೀಗೆ ಮಾಡೋರು ಯಾರೂ ಇರ್ಲಿಲ್ಲ” ಎಂದರು. ನಿಮಗೋಸ್ಕರ ಅಲ್ಲ, ನನ್ನ ಹೆಸರಿಗೋಸ್ಕರ ಎಂದೆ. ಬಲಗೆನ್ನೆಯಲ್ಲಿ ಗೆರೆ ಮೂಡಿತು.

೧೧ ನವೆಂಬರ್, ಶುಕ್ರವಾರ

ಚಿತ್ರ ಮುಗಿಯಿತು. ಮಿಸ್ಟರ್ ಹ್ಯಾಥರ್ಲಿ ಮುಂದಿನದಕ್ಕೆ ಕರೆದರು. ರೈಲ್ವೆಯ ಕಳೆದ ವಸ್ತುಗಳ ಕಚೇರಿಯಲ್ಲಿ ಒಂದೇ ಛತ್ರಿಯನ್ನು ತಮ್ಮದೆನ್ನುವ ಇಬ್ಬರ ಕಥೆಯಂತೆ. ಒಪ್ಪಿಕೊಂಡೆ. ಸ್ಟುಡಿಯೋ ಮನೆಗೆ ಹತ್ತಿರ, ಅದಕ್ಕೆ. ಛತ್ರಿ ಎಲ್ಲೆಲ್ಲಿ ಒದ್ದೆಯಿರಬೇಕು, ಎಲ್ಲೆಲ್ಲಿ ಒಣಗಿರಬೇಕು ಎಂದು ಆಗಲೇ ಆಲ್ಫ್ ಜೊತೆ ಜಗಳ ಶುರುವಾಗಿದೆ.

೧೮ ಮಾರ್ಚ್ ೧೯೫೦, ಶನಿವಾರ

ನಮ್ಮ ಚಿತ್ರ ನಾವಿರುವ ಹೌನ್ಸ್‌ಲೋ ಬಡಾವಣೆಯ ಥಿಯೇಟರಿಗೆ ಬಂತು. ಅಮೆರಿಕದ ದೊಡ್ಡ ಚಿತ್ರವೊಂದಕ್ಕೆ ಜೊತೆಯಾಗಿ ಹಾಕಿದ್ದಾರೆ, ಪೋಸ್ಟರಿನಲ್ಲಿ ಕೆಳಗೆ ಚಿಕ್ಕ ಅಕ್ಷರ. ಪತ್ರಿಕೆಗಳಲ್ಲಿ ಒಂದೇ ಒಂದು ಕಡೆ ಒಂದು ಸಾಲು ಬಂದಿದೆ: ‘ಯಾರಿಗೂ ತೊಂದರೆಯಿಲ್ಲದ ಚಿತ್ರ’. ಬರೆದವನ ಕೈಗೆ ಎಲೆಕೋಸು ಕೊಟ್ಟು ದೀಪದ ಕೆಳಗೆ ನಿಲ್ಲಿಸಬೇಕು. ಮಿಸೆಸ್ ಡಿಮ್ಮಕ್ ಬೀದಿಯಲ್ಲಿ ಒಂದು ಮನೆ ಬಿಡದೆ ಹೇಳಿಬಂದಿದ್ದರು. ಆಲ್ಫ್ ಬಂದರು, ಕೆಂಪು ಟೈ. ಮೂವರೂ ಮಧ್ಯದ ಸಾಲಿನಲ್ಲಿ ಕೂತೆವು. ಮೊದಲಿನಿಂದಲೇ ನೋಡಬೇಕೆಂದು ನಾನು ಹಟ ಮಾಡಿದ್ದೆ.

ಮೊದಲು ಜನ ಗುಸುಗುಸು ಎನ್ನುತ್ತಿದ್ದರು, ಕಿತ್ತಳೆ ಸುಲಿಯುತ್ತಿದ್ದುದರ ವಾಸನೆ. ಎಲೆಕೋಸಿನ ಜಗಳಕ್ಕೆ ಅಲ್ಲಲ್ಲಿ ನಗು. ಅಂಚೆ ಕಚೇರಿಯ ಹುಡುಗಿ ರಾತ್ರಿ ಕಾಲುಚೀಲ ಹೊಲಿಯುತ್ತಾ ಅವನ ಕಾಗದ ಓದಿದಾಗ ಹೆಂಗಸರೆಲ್ಲ ಸುಮ್ಮನಾದರು. ಎಲ್ಲೂ ಒಂದು ತಪ್ಪಿಲ್ಲ, ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಎಷ್ಟು ಚೆಂದದ ಕೆಲಸ! ಒಂದೊಂದು ಎಲೆಯೂ ಅದರ ಜಾಗದಲ್ಲಿದೆ. ಇಂಥ ಚಿತ್ರ ಮಾಡುವ ಜನ ಈ ದೇಶದಲ್ಲಿದ್ದಾರೆ, ಅವರಲ್ಲಿ ನಾನೊಬ್ಬಳು ಎಂದು ಎದೆಯುಬ್ಬಿ ಬಂತು.

ಆಮೇಲೆ ಮದುವೆ. ಭಾಷಣ. ಹುಡುಗಿ ತಿರುಗಿದಳು. ತಟ್ಟೆ ಖಾಲಿ.

ಹುಡುಗನ ಬೆರಳು ತಟ್ಟೆಯ ಸುತ್ತ ಹೋಯಿತು, ಅವಳ ಬಾಯಿಗೆ ಹೋಯಿತು, ಆಗ ಹಿಂದಿನ ಸಾಲಿನಲ್ಲಿ ಯಾರೋ ಗಂಡಸು ಗೊಳ್ಳೆಂದು ನಕ್ಕ. ಅಲ್ಲಿಂದ ಇಡೀ ಚಿತ್ರಮಂದಿರ ನಕ್ಕಿತು. ನಗುತ್ತಲೇ ಮೂಗು ಒರೆಸಿಕೊಳ್ಳುವ ಸದ್ದೂ ಕೇಳಿತು. ನನ್ನ ಮುಂದೆ ಕೂತ ಹೆಂಗಸು ಗಂಡನ ತೋಳು ಹಿಡಿದು, “ನಮ್ಮ ಮದುವೇಲಿ ರಟ್ಟಿನದೇ ಅಲ್ವಾ ಇಟ್ಟಿದ್ದು. ಕತ್ತರಿಸೋ ಹಾಗೆ ಚಾಕು ಹಿಡ್ಕೊಂಡು ನಿಂತಿದ್ವಿ, ನೆನಪಿದೆಯಾ? ನೀವು ಆಮೇಲೆ ಬಿಸ್ಕತ್ ತಂದು ಕೊಟ್ರಿ” ಎಂದಳು. ಅವನು, “ಇದನ್ನ ಬರೆದೋನು ನಮ್ಮ ಬೀದಿಯೋನೇ ಇರ್ಬೇಕು” ಎಂದ.

ಮಿಸೆಸ್ ಡಿಮ್ಮಕ್‌ಗೆ ಅಷ್ಟು ಸಾಕಾಯಿತು. ಮುಂದಕ್ಕೆ ಬಗ್ಗಿ, ಮೂರು ಬೀದಿಗೆ ಕೇಳುವ ಧ್ವನಿಯಲ್ಲಿ, “ಬರೆದದ್ದಲ್ಲ ಕಣ್ರೀ, ಆಗಿದ್ದು! ಕೇಕ್ ಕಾಯ್ತಾ ಕೂತೋಳು ಬೇರೆಲ್ಲೋ ನೋಡ್ತಾ ಕೂತ್ಲು. ಇಗೋ ಇಲ್ಲೇ ಇದಾಳೆ, ನಮ್ಮ ಈನಿಡ್. ಇವಳದೇ ತಪ್ಪು ಅದು!” ಎಂದರು.

ಸಾಲುಸಾಲು ತಲೆಗಳು ತಿರುಗಿದವು. ಸೀಟು ತೋರಿಸುವ ಹುಡುಗಿ ಓಡಿಬಂದು ಟಾರ್ಚನ್ನು ನನ್ನ ಮುಖಕ್ಕೆ ಹಿಡಿದು, “ಯಾರದು ಗಲಾಟೆ?” ಎಂದಳು.

ಇಷ್ಟು ವರ್ಷ ನಾನು ಕ್ಯಾಮರಾದ ಹಿಂದೆ ಇದ್ದವಳು. ಬೆಳಕು ನನ್ನ ಮೇಲೆ ಬಿದ್ದದ್ದೇ ಇಲ್ಲ. ಎದ್ದು ನಿಂತೆ. “ಹೌದು” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ಆ ತಪ್ಪು ನನ್ನದು.”

ಮುಂದಿನ ಸಾಲಿನ ಹೆಂಗಸು ಚಪ್ಪಾಳೆ ತಟ್ಟಿದಳು. ಅವಳ ಗಂಡನೂ ತಟ್ಟಿದ. ಹುಡುಗಿ ಏನು ಮಾಡಬೇಕೆಂದು ತೋಚದೆ ಟಾರ್ಚು ಕೆಳಗಿಳಿಸಿದಳು. ಆ ಬೆಳಕಿನಲ್ಲಿ ನೋಡಿದರೆ ನನ್ನ ಬಲಗೈ ಆಲ್ಫ್ ಕೈಯಲ್ಲಿತ್ತು. ಅದು ಅಲ್ಲಿಗೆ ಯಾವ ದೃಶ್ಯದಲ್ಲಿ ಹೋಯಿತೋ, ನಾನು ಗುರುತು ಮಾಡಿಕೊಂಡಿಲ್ಲ.